ಓಡಿ ಹೋಗಿ ಕೈ ಹಚ್ಚುವವರ ಊರುಗಳು

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರ್ಗಾ ದಾಟಿ ಕರ್ನಾಟಕದೊಳಗೆ ಬಂದ ಮೇಲೆ ಸಿಗುವ ದೊಡ್ಡ ನಿಲುಗಡೆ ಸಸ್ತಾಪುರ ಬಂಗ್ಲಾ. ಇಲ್ಲಿ ಎಡಕ್ಕೆ ಹೊರಳಿದರೆ ಬಸವಕಲ್ಯಾಣ. ಹೊರಳದೆ ನೇರ ನಡೆದರೆ ರಾಜೇಶ್ವರ, ಅದರಾಚೆ ಹುಮನಾಬಾದ್. ಸರ್ಕಾರಿ ಕಾಗದದಲ್ಲಿ ಈ ರಸ್ತೆಗೆ ಈಗ 65ನೇ ನಂಬರು. ಲಾರಿ ಓಡಿಸಿ ತಲೆ ನರೆತವರ ಬಾಯಲ್ಲಿ ಮಾತ್ರ ಇದು ಇನ್ನೂ ‘ಒಂಬತ್ತನೇ ನಂಬರ್ ರೋಡು’. ಮುಂಬಯಿ, ಪುಣೆಯ ಕಡೆಯಿಂದ ಹೈದರಾಬಾದಿನ ಔಷಧ ಕಾರ್ಖಾನೆಗಳಿಗೆ, ಅಲ್ಲಿಂದ ತಿರುಗಿ ಪಶ್ಚಿಮಕ್ಕೆ, ಹಗಲು ರಾತ್ರಿ ಟ್ಯಾಂಕರುಗಳು ಹರಿಯುವ ದಾರಿ ಇದು.

ಬಸವಕಲ್ಯಾಣಕ್ಕೆ ಬರುವ ಯಾತ್ರಿಕರಿಗೆ ನೋಡಲು ಬೇಕಾದಷ್ಟಿದೆ. ಕಲ್ಯಾಣಿ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ಇಲ್ಲಿ. ಹನ್ನೆರಡನೆಯ ಶತಮಾನದ ಶರಣರ ನೆನಪಿನ ಗುಹೆಗಳು, ತ್ರಿಪುರಾಂತಕ ಕೆರೆ, ಕೋಟೆ, 108 ಅಡಿಯ ಬಸವಣ್ಣನ ಪ್ರತಿಮೆ, 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ಹೊಸ ಅನುಭವ ಮಂಟಪ. ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಇವನ್ನೆಲ್ಲ ಒಂದು ದಿನದಲ್ಲಿ ಸುತ್ತಿ ಮುಗಿಸುತ್ತವೆ. ಆ ಬಸ್ಸುಗಳು ನಿಲ್ಲದೆ ಹೋಗುವ ಒಂದು ಜಾಗ ಆಟೋನಗರ. ಮೊದಲು ನೋಡಬೇಕಾದದ್ದು ಅದೇ.

ಆಟೋನಗರವೆಂದರೆ ಲಾರಿಗಳ ಆಸ್ಪತ್ರೆ. ಚಾಸಿ ಮಾತ್ರ ಇರುವ ಗಾಡಿ ಇಲ್ಲಿಗೆ ಬಂದರೆ ಕ್ಯಾಬಿನ್, ಬಾಡಿ, ಬಣ್ಣ, ಹಿಂದುಗಡೆಯ ಶಾಯರಿ ಎಲ್ಲವನ್ನೂ ತೊಟ್ಟುಕೊಂಡು ಹೊರಡುತ್ತದೆ. ಬಡಗಿ, ವೆಲ್ಡರ್, ಪೇಂಟರ್, ಪಂಚರ್ ಅಂಗಡಿಯ ಹುಡುಗ, ಚಹದ ಗಾಡಿಯವ. ಮಾತು ಕನ್ನಡದಲ್ಲಿ ಶುರುವಾಗಿ ಉರ್ದುವಿಗೆ ಹೊರಳಿ ಮರಾಠಿಯಲ್ಲಿ ಮುಗಿಯುತ್ತದೆ. ಹೆದ್ದಾರಿಯಲ್ಲಿ ಎಲ್ಲಿ ಗಾಡಿ ಉರುಳಿದರೂ ಪೊಲೀಸರಿಗಿಂತ ಮೊದಲು ಸುದ್ದಿ ಮುಟ್ಟುವುದು ಇಂಥವರಿಗೆ. ಸಿಕ್ಕಿಬಿದ್ದ ಡ್ರೈವರನನ್ನು ಹೊರಗೆ ತೆಗೆಯಲು ಬೇಕಾದ ಗ್ಯಾಸ್ ಕಟರ್, ಜ್ಯಾಕು, ಸರಪಳಿ ಇರುವುದೂ ಇವರ ಬಳಿಯೇ. ಕರೆದರೆ ಬರುವವರಲ್ಲ ಇವರು. ಕರೆಯುವ ಮೊದಲೇ ಓಡಿರುತ್ತಾರೆ. ಮೂಗಿಗೆ ಒಂದು ದಸ್ತಿ ಕಟ್ಟಿಕೊಂಡರೆ ಸಿದ್ಧತೆ ಮುಗಿಯಿತು. “ವಾಸ್ನಿ ಬರ್ಲತ್ತದ್ರಿ” ಎಂದು ಯಾರಾದರೂ ಎಚ್ಚರಿಸಿದರೆ, “ಏನ್ ಆಗಲ್ಲ ಬಿಡ್ರಿ” ಎಂಬುದು ಸಿದ್ಧ ಉತ್ತರ.

ಏನಾಗುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ. ಕೆಮ್ಮು, ಕಣ್ಣುರಿ, ವಾಂತಿ ಆ ಹೊತ್ತಿಗೆ ಬಂದು ಹೋಗುತ್ತವೆ. ಅವು ಹೋದ ಮೇಲೆ ಎಲ್ಲವೂ ಹೋಯಿತು ಎಂದು ಮನೆಯವರು ತಿಳಿಯುತ್ತಾರೆ. ವಿಜ್ಞಾನ ಕಳೆದ ಮೂವತ್ತು ವರ್ಷಗಳಲ್ಲಿ ಕಲಿತದ್ದು ಬೇರೆ: ಕೆಲವು ವಿಷಗಳ ಲೆಕ್ಕ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಮಿದುಳಿನಲ್ಲಿ ಚುಕ್ತಾ ಆಗುತ್ತದೆ. ಆಗ ಅದು ಮರೆವಾಗಿ, ಸಿಡುಕಾಗಿ, ತಪ್ಪುವ ಹೆಜ್ಜೆಯಾಗಿ ಬರುತ್ತದೆ. ‘ವಯಸ್ಸಾಯಿತು’, ‘ಕುಡಿತ ಹೆಚ್ಚಾಯಿತು’ ಎಂಬ ಹಣೆಪಟ್ಟಿ ಹಚ್ಚಿ ಊರು ಸುಮ್ಮನಾಗುತ್ತದೆ.

ಈ ಸೀಮೆಯ ಜನ ಕಂಡ ಅತಿ ದೊಡ್ಡ ದುರಂತ ಗಡಿಯಾಚೆ ನಡೆಯಿತು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನು ಕೆಲವೇ ನಿಮಿಷ. ಗಣಪತಿಯನ್ನು ಕಳಿಸಿ ಮಲಗಿದ್ದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ಭೂಕಂಪದಲ್ಲಿ ನೆಲಸಮವಾದವು. ಸತ್ತವರು ಸಾವಿರಾರು ಮಂದಿ. ಕಿಲ್ಲಾರಿ ಬಸವಕಲ್ಯಾಣಕ್ಕೆ ದೂರದ ಊರಲ್ಲ, ಹಕ್ಕಿ ಹಾರುವ ದಾರಿಯಲ್ಲಿ ಐವತ್ತು ಕಿಲೋಮೀಟರಿಗೂ ಒಳಗೆ. ಇಲ್ಲಿಯ ಗೋಡೆಗಳೂ ಆ ರಾತ್ರಿ ಅಲುಗಿದವು; ಬೆಳಕು ಹರಿದ ಮೇಲೆ ಬೀದರ್, ಕಲಬುರಗಿ ಜಿಲ್ಲೆಗಳಿಂದ ಜನ ಗಾಡಿ ಹತ್ತಿ ಹೊರಟರು. ಬರಿಗೈಯಲ್ಲಿ ಕಲ್ಲು ಸರಿಸಿದರು. ಹೆಣಗಳ ವಾಸನೆ, ಬ್ಲೀಚಿಂಗ್ ಪೌಡರು, ಬಿದ್ದ ಮನೆಗಳ ತೊಲೆಗಳಿಂದಲೇ ಒಟ್ಟಿದ ಚಿತೆಗಳ ಹೊಗೆ, ಮೇಲೆ ಮಳೆ. ಇವುಗಳ ನಡುವೆ ದಿನಗಟ್ಟಲೆ ನಿಂತವರಿಗೂ ಮೂಗಿಗೆ ಇದ್ದದ್ದು ಅದೇ ದಸ್ತಿ.

ಕಿಲ್ಲಾರಿಯ ಮನೆಗಳು ಕಲ್ಲು-ಮಣ್ಣಿನವು. ಎರಡಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಿದ್ದಾಗ ಎದ್ದ ಧೂಳು ಕೂಡ ಬಹುಪಾಲು ಹೊಲದ ಧೂಳಿನ ಜಾತಿಯದೇ. ಈಗ ಬಸವಕಲ್ಯಾಣದ ಹೊಸ ಬಡಾವಣೆಯಲ್ಲಿ ನಿಂತು ನೋಡಿದರೆ ಮನೆಯ ಮೈಯೇ ಬದಲಾಗಿದೆ. ಸಿಮೆಂಟು, ಪಿ.ವಿ.ಸಿ. ಪೈಪು, ಪ್ಲಾಸ್ಟಿಕ್ ಹೊದಿಕೆಯ ತಂತಿ, ಫೋಮಿನ ಹಾಸಿಗೆ, ಬಣ್ಣ, ಬ್ಯಾಟರಿ. ಇಂಥ ಮನೆಗೆ ಬೆಂಕಿ ಬಿದ್ದರೆ ಅದು ಕಟ್ಟಿಗೆಯ ಹೊಗೆಯಲ್ಲ. ಪಿ.ವಿ.ಸಿ. ಉರಿದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಪಾಲಿಯುರೆಥೇನ್ ಫೋಮ್ ಉರಿದರೆ ಕಾರ್ಬನ್ ಮೊನಾಕ್ಸೈಡಿನ ಜೊತೆಗೆ ಹೈಡ್ರೋಜನ್ ಸಯನೈಡೂ ಬರುತ್ತದೆ. ಮನೆಗಳು ಬದಲಾದವು, ದಸ್ತಿ ಬದಲಾಗಲಿಲ್ಲ.

ಹೊಸ ಕಾಲದ ಕಟ್ಟಡ ಕುಸಿದರೆ ಓಡಿ ಬಂದವರಿಗೆ ಏನಾಗುತ್ತದೆಂದು ಜಗತ್ತು ತಿಳಿದದ್ದು ನ್ಯೂಯಾರ್ಕಿನಿಂದ. 2001ರ ಸೆಪ್ಟೆಂಬರ್ 11ರಂದು ಎರಡು ಗೋಪುರಗಳು ಬಿದ್ದವು. ಅವಶೇಷದೊಳಗಿನ ಬೆಂಕಿ ಡಿಸೆಂಬರ್‌ವರೆಗೂ ಹೊಗೆಯಾಡಿತು. ಪುಡಿಯಾದ ಸಿಮೆಂಟು, ಗಾಜಿನ ನಾರು, ಕಲ್ನಾರು, ಸೀಸ, ಸುಟ್ಟ ಪ್ಲಾಸ್ಟಿಕ್ಕು ಬೆರೆತ ಧೂಳಿನಲ್ಲಿ ಪೊಲೀಸರು, ಅಗ್ನಿಶಾಮಕರು, ಕಬ್ಬಿಣ ಕತ್ತರಿಸುವ ಕೆಲಸಗಾರರು, ಸ್ವಯಂಸೇವಕರು ತಿಂಗಳುಗಟ್ಟಲೆ ದುಡಿದರು. ಆರಂಭದಲ್ಲಿ ಎಲ್ಲರ ಕಣ್ಣೂ ಶ್ವಾಸಕೋಶದ ಮೇಲಿತ್ತು. ವರ್ಷಗಳು ಕಳೆದಂತೆ ಇನ್ನೊಂದು ದೂರು ಎದ್ದಿತು: ಹೆಸರು ನೆನಪಾಗುವುದಿಲ್ಲ, ಲೆಕ್ಕ ತಪ್ಪುತ್ತದೆ.

ಅಲ್ಲಿಯ ಸಂಶೋಧಕರು ಅಂಥ 5,010 ಮಂದಿಯನ್ನು ಐದು ವರ್ಷಗಳವರೆಗೆ ಹಿಂಬಾಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರಂಭದಲ್ಲಿ ಯಾರಿಗೂ ಅರವತ್ತು ದಾಟಿರಲಿಲ್ಲ, ಯಾರಲ್ಲೂ ಮರೆವಿನ ಕಾಯಿಲೆ ಇರಲಿಲ್ಲ. ಅಷ್ಟರಲ್ಲೇ 228 ಮಂದಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಬಂತು. ಸಾಮಾನ್ಯವಾಗಿ 65ಕ್ಕಿಂತ ಮೊದಲು ಅಪರೂಪವಾದ ರೋಗ ಇದು. ಸಾವಿರ ಜನರನ್ನು ಒಂದು ವರ್ಷ ನೋಡಿದರೆ ಎಷ್ಟು ಜನಕ್ಕೆ ಬರುತ್ತದೆ ಎಂಬ ಲೆಕ್ಕದಲ್ಲಿ, ಧೂಳಿನಿಂದ ದೂರವಿದ್ದ ಅಥವಾ ರಕ್ಷಣಾ ಸಾಧನ ತೊಟ್ಟವರಲ್ಲಿ ಸುಮಾರು ಮೂರು, ಅತಿ ಹೆಚ್ಚು ಧೂಳು ಕುಡಿದವರಲ್ಲಿ ನಲವತ್ತೆರಡು. ಆ ದಿನಗಳ ಮಾನಸಿಕ ಆಘಾತವೂ ನೆನಪಿನ ಶಕ್ತಿಯನ್ನು ಕುಗ್ಗಿಸಬಲ್ಲದು. ಎರಡನ್ನೂ ಪೂರ್ತಿ ಬೇರ್ಪಡಿಸುವುದು ಕಷ್ಟ. ಆದರೂ ಧೂಳು ಹೆಚ್ಚಿದಂತೆ ರೋಗ ಮೆಟ್ಟಿಲು ಮೆಟ್ಟಿಲಾಗಿ ಏರಿತೆಂಬ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಮೂಗಿನಿಂದ ಒಳಗೆ ಹೋದದ್ದು ತಲೆಗೆ ಹೇಗೆ ಮುಟ್ಟುತ್ತದೆ? ದಾರಿ ಎರಡು. ಎರಡೂವರೆ ಮೈಕ್ರಾನಿಗಿಂತ ಚಿಕ್ಕ ಕಣ ಶ್ವಾಸಕೋಶದ ತೀರ ಒಳಗಿನ ಗಾಳಿಚೀಲಗಳಿಗೆ ಇಳಿಯುತ್ತದೆ. ಅದಕ್ಕಿಂತ ಬಹಳ ಸೂಕ್ಷ್ಮವಾದದ್ದು ರಕ್ತಕ್ಕೂ ಸೇರಬಲ್ಲದು. ಎರಡನೆಯದು ಒಳದಾರಿ. ವಾಸನೆಯ ನರಗಳು ಮೂಗಿನ ಚಾವಣಿಯಿಂದ ನೇರವಾಗಿ ಮಿದುಳಿಗೆ ಹೋಗುತ್ತವೆ. ಮೆಕ್ಸಿಕೋ ನಗರ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡವರ ಮಿದುಳಿನಲ್ಲಿ ಹೊಗೆಯಿಂದ ಬಂದಿರಬಹುದಾದ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಗುಂಡುಗಳನ್ನು ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದರು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ದಸ್ತಿಯ ನೂಲಿನ ನಡುವಿನ ಸಂದಿ ಅದರ ಎಷ್ಟೋ ಪಟ್ಟು ದೊಡ್ಡದು.

ಇದನ್ನು ಮನೆಯಲ್ಲೇ ನೋಡಬಹುದು. ದೊಡ್ಡವರ ಎದುರಿಗೆ ಒಂದು ಊದುಬತ್ತಿ ಹಚ್ಚಿ, ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ನೀರಿನಲ್ಲಿ ಅದ್ದಿ ಮೂಗಿಗೆ ಒತ್ತಿ ಹಿಡಿಯಿರಿ. ವಾಸನೆ ಬಂದೇ ಬರುತ್ತದೆ. ಅಮೋನಿಯದಂಥ ನೀರಿನಲ್ಲಿ ಕರಗುವ ಅನಿಲವನ್ನು ಒದ್ದೆ ಬಟ್ಟೆ ತುಸು ಹೊತ್ತು, ತುಸು ಮಟ್ಟಿಗೆ ತಡೆದೀತು. ಕಾರ್ಬನ್ ಮೊನಾಕ್ಸೈಡಿಗೆ ಅದು ಬಟ್ಟೆಯೇ ಅಲ್ಲ.

ಬಂಗ್ಲಾದಿಂದ ಪೂರ್ವಕ್ಕೆ ಹೊರಟರೆ ಎರಡೂ ಬದಿ ಕಪ್ಪು ಎರೆ ಹೊಲ. ತೊಗರಿ, ಸೋಯಾ, ಕಬ್ಬು. ರಾಜೇಶ್ವರ ದಾಟಿ ಸ್ವಲ್ಪ ಹೊತ್ತಿಗೆ ಹುಮನಾಬಾದ್ ಬರುತ್ತದೆ. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ ಕೂಡುವ ಊರು. ಪಕ್ಕದ ಮಾಣಿಕನಗರ ಮಾಣಿಕಪ್ರಭುಗಳ (1817–1865) ಸ್ಥಳ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ, ಸಂಗೀತಕ್ಕೆ ಹೆಸರಾದ ಗದ್ದುಗೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಓಡತೊಡಗಿದ ಮೇಲೆ ಊರಿಗೆ ಹೊಸ ಕಳೆ ಬಂದಿದೆ. ತಾಲ್ಲೂಕಿನ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದ್ದಾರೆ. ಊರ ಹೊರಗೆ ಕೈಗಾರಿಕಾ ಪ್ರದೇಶ. ಅಲ್ಲಿ ರಾಸಾಯನಿಕ ಮತ್ತು ಔಷಧ ತಯಾರಿಕೆಯ ಘಟಕಗಳಿವೆ. ಗಾಳಿ ಬೀಸಿದ ದಿಕ್ಕಿನ ಹಳ್ಳಿಯವರು ವಾಸನೆಯ ಬಗ್ಗೆ, ಬಾವಿ ನೀರಿನ ಬಗ್ಗೆ ದೂರುವುದು ಇಲ್ಲಿ ಹಳೆಯ ಮಾತು. ಜೊತೆಗೇ ಆ ಹಳ್ಳಿಗಳ ಎಷ್ಟೋ ಮನೆಯ ಒಲೆ ಉರಿಯುವುದೂ ಆ ಕಾರ್ಖಾನೆಗಳ ಕೂಲಿಯಿಂದ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಔಷಧದ ಪುಡಿ ತಯಾರಿಸಲು ದ್ರಾವಕಗಳು ಬೇಕು: ಟಾಲ್ವೀನ್, ಮೆಥನಾಲ್, ಮೆಥಿಲೀನ್ ಕ್ಲೋರೈಡ್ ಇತ್ಯಾದಿ. ಕೊಬ್ಬನ್ನು ಕರಗಿಸುವುದೇ ಇವುಗಳಲ್ಲಿ ಬಹಳಷ್ಟರ ಗುಣ. ಮಿದುಳಿನ ಒಣ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬಿನಂಥ ವಸ್ತು ಎಂಬುದನ್ನು ನೆನೆದರೆ ಮುಂದಿನ ಮಾತು ತಾನೇ ಹೊಳೆಯುತ್ತದೆ. ಟಾಲ್ವೀನನ್ನು ವರ್ಷಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಉಸಿರಾಡಿದರೆ ಮಿದುಳಿನ ಬಿಳಿ ಭಾಗ, ಅಂದರೆ ನರತಂತುಗಳ ಹೊದಿಕೆ, ಕೆಡುತ್ತದೆ. ಮೆಥಿಲೀನ್ ಕ್ಲೋರೈಡ್ ಇನ್ನೂ ಮೋಸಗಾರ. ಉಸಿರಿನಲ್ಲಿ ಒಳಹೊಕ್ಕದ್ದನ್ನು ದೇಹವೇ ಕಾರ್ಬನ್ ಮೊನಾಕ್ಸೈಡಾಗಿ ಮಾರ್ಪಡಿಸುತ್ತದೆ. ಆ ಮನುಷ್ಯ ಹೊರಗಿನ ಒಳ್ಳೆಯ ಗಾಳಿಗೆ ಬಂದು ಕೂತ ಮೇಲೂ ಗಂಟೆಗಟ್ಟಲೆ ಒಳಗೆ ವಿಷ ತಯಾರಾಗುತ್ತಲೇ ಇರುತ್ತದೆ.

ಆಟೋನಗರದ ಪೇಂಟರನ ಥಿನ್ನರಿನಲ್ಲೂ ಸಾಮಾನ್ಯವಾಗಿ ಟಾಲ್ವೀನ್ ಇರುತ್ತದೆ. 1970ರ ದಶಕದಲ್ಲಿ ಡೆನ್ಮಾರ್ಕ್, ಸ್ವೀಡನ್ ಮುಂತಾದ ದೇಶಗಳ ವೈದ್ಯರು ಬಣ್ಣ ಬಳಿಯುವವರಲ್ಲಿ ಮರೆವು, ದಣಿವು, ಸಿಡುಕು ಒಟ್ಟಾಗಿ ಕಾಣಿಸಿಕೊಳ್ಳುವುದನ್ನು ಗುರುತಿಸಿ, ಅದನ್ನು ವೃತ್ತಿಯಿಂದ ಬಂದ ರೋಗವೆಂದು ದಾಖಲಿಸಿದರು. ದಿನವೂ ಸ್ವಲ್ಪ ಸ್ವಲ್ಪ ಕುಡಿದ ಮಿದುಳೇ ಟ್ಯಾಂಕರ್ ಉರುಳಿದ ದಿನ ಒಮ್ಮೆಗೆ ದೊಡ್ಡ ಗುಟುಕು ಕುಡಿಯಬೇಕಾಗುತ್ತದೆ. ಸಮವಸ್ತ್ರದ ಅಗ್ನಿಶಾಮಕನಿಗೆ ಬೆನ್ನಿಗೆ ಗಾಳಿಯ ಸಿಲಿಂಡರ್ ಉಂಟು. ಅವನಿಗಿಂತ ಮೊದಲು ತಲುಪುವ ಪೇಂಟರನಿಗೆ ಏನೂ ಇಲ್ಲ.

ಸಕ್ಕರೆ ಕಾರ್ಖಾನೆಯ ಕಾಕಂಬಿ ತೊಟ್ಟಿ, ಕೊಳಚೆ ಗುಂಡಿ, ಶೌಚದ ಸೆಪ್ಟಿಕ್ ಟ್ಯಾಂಕ್, ಹೊಲದ ಹಾಳುಬಾವಿ. ಇವುಗಳಲ್ಲಿ ಕಥೆ ಇನ್ನೂ ವೇಗವಾಗಿ ನಡೆಯುತ್ತದೆ. ಒಬ್ಬ ಇಳಿದು ಬೀಳುತ್ತಾನೆ, ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನಿಗಾಗಿ ನೆರೆಯವ ಇಳಿಯುತ್ತಾನೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಹೇಳಿತ್ತು: ಇಂಥ ಮುಚ್ಚಿದ ಜಾಗಗಳಲ್ಲಿ ಸಾಯುವವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ರಕ್ಷಿಸಲು ಇಳಿದವರೇ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇಲ್ಲಿಯ ಮುಖ್ಯ ಕೊಲೆಗಾರ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. ನೂರು ಪಾಲಾದರೆ ಕೆಲವೇ ನಿಮಿಷಗಳಲ್ಲಿ ಮೂಗು ಸತ್ತು ವಾಸನೆಯೇ ಹೋಗುತ್ತದೆ. ‘ಈಗ ವಾಸನಿ ಇಲ್ಲ’ ಎಂದು ಇಳಿಯುವವನು ಅತಿ ದೊಡ್ಡ ಅಪಾಯಕ್ಕೆ ಇಳಿಯುತ್ತಿರುತ್ತಾನೆ. ಏಳುನೂರು ದಾಟಿದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ.

ಹಳೆಯ ರೈತರು ಬಾವಿಗೆ ಇಳಿಯುವ ಮೊದಲು ಕಂದೀಲು ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು ಎಂಬ ಲೆಕ್ಕ. ಆಮ್ಲಜನಕ ನೂರಕ್ಕೆ ಹದಿನಾರರ ಆಸುಪಾಸಿಗೆ ಇಳಿದರೆ ದೀಪ ಆರುವುದು ನಿಜ, ಹಿರಿಯರ ಗಮನಕ್ಕೆ ಮೆಚ್ಚಲೇಬೇಕು. ಹೈಡ್ರೋಜನ್ ಸಲ್ಫೈಡ್ ಮನುಷ್ಯನನ್ನು ಕೆಡವಲು ಬೇಕಾದ ಅಲ್ಪ ಪ್ರಮಾಣದಲ್ಲಿ ಮಾತ್ರ ದೀಪ ಆರಿಸುವುದಿಲ್ಲ. ಗುಂಡಿಯಲ್ಲಿ ಮೀಥೇನ್ ಸೇರಿದ್ದರೆ ಕಂದೀಲೇ ಸ್ಫೋಟಕ್ಕೆ ಕಿಡಿಯಾದೀತು.

ಅಂಥ ಗುಂಡಿಯಿಂದ ಎಳೆದುಕೊಂಡು ಬದುಕಿಸಿದವನ ಮಾತು ಊರಿನಲ್ಲಿ ಎರಡು ದಿನ ನಡೆಯುತ್ತದೆ, ಆಮೇಲೆ ಮರೆಯಾಗುತ್ತದೆ. ದೇಹದ ತೂಕದಲ್ಲಿ ಮಿದುಳು ನೂರಕ್ಕೆ ಎರಡು ಪಾಲು. ಆಮ್ಲಜನಕದಲ್ಲಿ ಅದು ಪಡೆಯುವ ಪಾಲು ಇಪ್ಪತ್ತು. ನಾಲ್ಕೈದು ನಿಮಿಷ ಅದು ಸಿಗದಿದ್ದರೆ ಜೀವಕೋಶಗಳು ಸಾಯತೊಡಗುತ್ತವೆ, ಮೊದಲ ಏಟು ಬೀಳುವುದು ಹೊಸ ನೆನಪುಗಳನ್ನು ಕೂಡಿಡುವ ಭಾಗಕ್ಕೆ. ಕಾರ್ಬನ್ ಮೊನಾಕ್ಸೈಡ್ ಕುಡಿದವರಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಆಸ್ಪತ್ರೆಯಿಂದ ಚೆನ್ನಾಗಿ ನಡೆದುಕೊಂಡು ಮನೆಗೆ ಬರುತ್ತಾರೆ. ಎರಡು ದಿನದಿಂದ ನಲವತ್ತು ದಿನಗಳೊಳಗೆ ಕೆಲವರಿಗೆ ಏಕಾಏಕಿ ಮರೆವು, ತಡವರಿಸುವ ನಡಿಗೆ, ಬದಲಾದ ಸ್ವಭಾವ ಶುರುವಾಗುತ್ತದೆ. ಆಗ ಮನೆಯವರು ಡಾಕ್ಟರಿಗೆ ತಿಂಗಳ ಹಿಂದಿನ ಹೊಗೆಯ ಮಾತು ಎತ್ತುವುದೇ ಇಲ್ಲ, ಎರಡಕ್ಕೂ ಸಂಬಂಧವಿದೆಯೆಂದು ಅವರಿಗೆ ಹೊಳೆದಿರುವುದಿಲ್ಲ.

ಆ ಸಂಬಂಧವನ್ನು ಹುಡುಕಿ ತೆಗೆದ ಒಂದು ಊರು ಟೋಕಿಯೊ. 1995ರ ಮಾರ್ಚ್ 20ರಂದು ಅಲ್ಲಿಯ ಸುರಂಗ ರೈಲಿನಲ್ಲಿ ಸಾರಿನ್ ಎಂಬ ನರವಿಷವನ್ನು ಬಿಟ್ಟರು. ನೆರವಿಗೆ ಹೋದ 1,364 ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಯಲ್ಲಿ 135 ಮಂದಿಗೆ ತಾವೇ ವಿಷದ ಲಕ್ಷಣಗಳು ಕಂಡವು. ಆಸ್ಪತ್ರೆಯೊಳಗೇ ಕೂತಿದ್ದ ದಾದಿಯರಿಗೂ ಕಣ್ಣು ಮಂಜಾಯಿತು. ರೋಗಿಗಳ ಬಟ್ಟೆಯಿಂದ ಎದ್ದ ಆವಿಯೇ ಕಾರಣ. ಸುಮಾರು ಮೂರು ವರ್ಷಗಳ ನಂತರ ರಕ್ಷಣಾ ಸಿಬ್ಬಂದಿಯನ್ನೂ ಪೊಲೀಸರನ್ನೂ ಪರೀಕ್ಷಿಸಿದಾಗ, ಹೆಚ್ಚು ವಿಷ ತಾಗಿದ್ದವರ ನೆನಪಿನ ಶಕ್ತಿ ಕುಗ್ಗಿದ್ದು ಕಂಡಿತು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೊರತೆಯನ್ನು ಹಿಡಿದುಕೊಟ್ಟದ್ದು ಕಾಸಿನ ಖರ್ಚಿಲ್ಲದ ಒಂದು ಪರೀಕ್ಷೆ. ಸೆಕೆಂಡಿಗೊಂದರಂತೆ ಅಂಕಿಗಳನ್ನು ಹೇಳಬೇಕು: 7, 2, 9, 4. ಕೇಳಿದವನು ಹಿಂದುಮುಂದಾಗಿ ಹೇಳಬೇಕು: 4, 9, 2, 7. ಅಂಕಿಗಳನ್ನು ಒಂದೊಂದೇ ಹೆಚ್ಚಿಸುತ್ತಾ ಹೋಗುವುದು. ಬಹುಪಾಲು ದೊಡ್ಡವರು ನಾಲ್ಕೈದು ಅಂಕಿಗೆ ನಿಲ್ಲುತ್ತಾರೆ. ಮಕ್ಕಳು ತಂದೆ ತಾಯಿಯ ಮೇಲೆ, ತಂದೆ ತಾಯಿ ಮಕ್ಕಳ ಮೇಲೆ ಇದನ್ನು ಪ್ರಯೋಗಿಸಿ ನಗಬಹುದು. ಸೋತರೆ ರೋಗವೆಂದು ಹೆದರುವ ಕಾರಣವಿಲ್ಲ. ಆದರೆ ಐದು ಅಂಕಿ ಸಲೀಸಾಗಿ ಹೇಳುತ್ತಿದ್ದವನು ಮೂರಕ್ಕೆ ಇಳಿದರೆ ಕೇಳಬೇಕಾದ ಪ್ರಶ್ನೆಗಳಿವೆ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಭೋಪಾಲದಲ್ಲಿ 1984ರ ಡಿಸೆಂಬರ್ 2–3ರ ರಾತ್ರಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಸೋರಿದಾಗ ರೈಲು ನಿಲ್ದಾಣದ ಉಪ ಅಧೀಕ್ಷಕ ಗುಲಾಂ ದಸ್ತಗೀರ್ ಹೊತ್ತಿಗೆ ಮುಂಚೆಯೇ ಗೋರಖಪುರ ಎಕ್ಸ್‌ಪ್ರೆಸ್ಸನ್ನು ಹೊರಡಿಸಿ ನೂರಾರು ಜೀವ ಉಳಿಸಿದರು. ಉಳಿದ ಬಾಳೆಲ್ಲ ಕಾಯಿಲೆಯೊಡನೆ ಕಳೆದು 2003ರಲ್ಲಿ ತೀರಿಕೊಂಡರು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದಾಗ ಮನೆಮನೆಯ ಬಾಗಿಲು ಬಡಿದು ಜನರನ್ನು ಹೊರತಂದ ಪೊಲೀಸರಲ್ಲೂ ಅಸ್ವಸ್ಥರಾದವರಿದ್ದರು. ಅಮೆರಿಕದಲ್ಲಿ ಕಾಯ್ದೆ ಮಾಡಿ, ನ್ಯೂಯಾರ್ಕಿನಲ್ಲಿ ಓಡಿ ಬಂದವರ ಹೆಸರು ಬರೆದುಕೊಂಡು 2090ರವರೆಗೆ ವೈದ್ಯಕೀಯ ನೆರವು ಕೊಡಲು ಒಪ್ಪಿದ್ದಾರೆ. ನಮ್ಮಲ್ಲಿ ಕರ್ನಾಟಕವೇ ಮೊದಲಾಗಿ 2016ರಲ್ಲಿ ನೆರವಾಗುವವರ ರಕ್ಷಣೆಗೆ ಒಂದು ಕಾಯ್ದೆ ತಂದಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಠಾಣೆಗೂ ಕೋರ್ಟಿಗೂ ಅಲೆಸಬಾರದೆಂಬುದು ಅದರ ತಿರುಳು. ಒಳ್ಳೆಯ ಕಾಯ್ದೆ. ಅವನು ಏನನ್ನು ಉಸಿರಾಡಿದ ಎಂದು ಕೇಳುವ ಕಲಮು ಅದರಲ್ಲಿ ಬೇಕಿತ್ತು.

ಟ್ಯಾಂಕರಿನ ಮೈಮೇಲೆ ಅದಕ್ಕೆ ಉತ್ತರ ಬರೆದೇ ಇರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕಿನ ಗಾಡಿಗೆ ಒಂದು ಫಲಕ ಕಡ್ಡಾಯ. ಅದರಲ್ಲಿ ಸರಕಿನ ಹೆಸರು, ವಿಶ್ವಸಂಸ್ಥೆಯ ನಾಲ್ಕಂಕಿಯ ಸಂಖ್ಯೆ, ಫೋನ್ ನಂಬರು, ಹ್ಯಾಝ್‌ಕೆಮ್ ಸಂಕೇತ ಇರಬೇಕು. 1203 ಅಂದರೆ ಪೆಟ್ರೋಲು. 1005 ಅಮೋನಿಯ, 1017 ಕ್ಲೋರಿನ್, 1230 ಮೆಥನಾಲ್, 1294 ಟಾಲ್ವೀನ್, 2055 ಸ್ಟೈರೀನ್. ಪೆಟ್ರೋಲ್ ಟ್ಯಾಂಕರಿನ ಮೇಲೆ ‘3ವೈಇ’ ಎಂದು ಕಾಣುತ್ತದೆ. 3 ಎಂದರೆ ನೀರು ಸುರಿಯದೆ ನೊರೆ ಹೊಡೆಯಿರಿ ಎಂದು ಅಗ್ನಿಶಾಮಕರಿಗೆ ಸೂಚನೆ. ವೈ ಎಂದರೆ ಉಸಿರಾಟದ ಉಪಕರಣ ತೊಡಿ, ಹರಿದದ್ದನ್ನು ಚರಂಡಿಗೆ ಬಿಡಬೇಡಿ. ಇ ಎಂದರೆ ಸುತ್ತಲಿನ ಜನರನ್ನು ತೆರವು ಮಾಡುವ ಯೋಚನೆ ಮಾಡಿ. ಕ್ರಿಕೆಟ್ ಆಟಗಾರರ ರನ್ನುಗಳನ್ನೆಲ್ಲ ಬಾಯಿಪಾಠ ಮಾಡಿರುವ ಹುಡುಗರಿಗೆ ಈ ಹತ್ತಾರು ಸಂಖ್ಯೆಗಳು ಹೆಚ್ಚೇನಲ್ಲ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ, ದೂರದಿಂದಲೇ ಆ ನಾಲ್ಕು ಅಂಕಿ ಓದಿ 112ಕ್ಕೆ ಹೇಳಿದ ಹುಡುಗ, ಟ್ಯಾಂಕರ್ ಹತ್ತಿ ಮುಚ್ಚಳ ತಿರುವಿದವನಿಗಿಂತ ಹೆಚ್ಚು ಜನರನ್ನು ಉಳಿಸಬಲ್ಲ.

ಸಂಖ್ಯೆ ಬರೆದಿಟ್ಟುಕೊಂಡರೆ ಆಮೇಲೂ ಕೆಲಸಕ್ಕೆ ಬರುತ್ತದೆ. ತಾರೀಖು, ಎಷ್ಟು ಹೊತ್ತು ಒಳಗಿದ್ದ, ಪ್ರಜ್ಞೆ ತಪ್ಪಿತ್ತೇ, ಸಂಖ್ಯೆ ಯಾವುದು ಎಂಬ ನಾಲ್ಕು ಸಾಲು ಒಂದು ನೋಟ್‌ಬುಕ್ಕಿನಲ್ಲಿದ್ದರೆ ಸಾಕು. ಮೂರು ವರ್ಷದ ನಂತರ ಬೀದರಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೂತ ವೈದ್ಯರಿಗೆ ಅದೇ ಸುಳಿವು. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಅದರ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆಯ ಉದ್ದೇಶವೇ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆಗಳನ್ನು ಜಿಲ್ಲೆಯ ಮಟ್ಟದಲ್ಲಿ ಬೇಗ ಗುರುತಿಸುವುದು. ಅಲ್ಲಿಯ ವೈದ್ಯರು ಸಕ್ಕರೆ, ರಕ್ತದೊತ್ತಡ, ಕುಡಿತ, ತಂಬಾಕಿನ ಬಗ್ಗೆ ತಾವಾಗಿ ಕೇಳುತ್ತಾರೆ. ಹೊಗೆಯ ಮಾತನ್ನು ಮನೆಯವರೇ ಎತ್ತಬೇಕು. ಕೆಲವು ಹಾನಿ ಸರಿಹೋಗದು, ನಿಜ. ನಿದ್ರೆ, ಖಿನ್ನತೆ, ರಕ್ತದೊತ್ತಡ ಇವನ್ನು ಹತೋಟಿಗೆ ತಂದರೆ ಉಳಿದ ಶಕ್ತಿ ಹೆಚ್ಚು ಕಾಲ ಬಾಳುತ್ತದೆ. ರೋಗಕ್ಕೆ ಹೆಸರು ಸಿಕ್ಕರೆ ಮನೆಯಲ್ಲಿ ಬೈಗುಳವೂ ಕಡಿಮೆಯಾಗುತ್ತದೆ.

ಮನೆಯ ಮಾತು ಬಂದದ್ದರಿಂದ ತಾಯಂದಿರಿಗೆ ಸಂಬಂಧಿಸಿದ ಒಂದು ಸಂಗತಿ. ಅಪಘಾತದ ಜಾಗದಿಂದ ಬಂದವನ ಅಂಗಿ ಪೈಜಾಮ ಸೀದಾ ಬಚ್ಚಲ ಮೂಲೆಗೆ ಬೀಳುತ್ತದೆ, ಮರುದಿನ ಮಕ್ಕಳ ಬಟ್ಟೆಯ ಜೊತೆ ಬಕೆಟ್ಟಿಗೆ ಬೀಳುತ್ತದೆ. ಟೋಕಿಯೊದ ದಾದಿಯರಿಗೆ ಆದದ್ದು ಬಸವಕಲ್ಯಾಣದ ಬಚ್ಚಲಲ್ಲಿ ಆಗಬಾರದೆಂದೇನಿಲ್ಲ. ಬಟ್ಟೆಯನ್ನು ಅಂಗಳದಲ್ಲೇ ಬಿಚ್ಚಿಸುವುದು, ತಲೆಯ ಮೇಲಿಂದ ಎಳೆಯದೆ ಗುಂಡಿ ಬಿಚ್ಚಿ ಇಲ್ಲವೆ ಕತ್ತರಿಸಿ ತೆಗೆಯುವುದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಡುವುದು, ಅವನನ್ನು ಅಲ್ಲೇ ಸಾಬೂನು ಹಚ್ಚಿ ಸಾಕಷ್ಟು ನೀರಿನಲ್ಲಿ ಮೀಯಿಸುವುದು. ಬಟ್ಟೆ ತೆಗೆದರೇನೇ ಮೈಮೇಲಿನ ವಿಷದ ಬಹುಪಾಲು ಹೋಗುತ್ತದೆಂದು ರಕ್ಷಣಾ ತಜ್ಞರು ಹೇಳುತ್ತಾರೆ. ಹುಮನಾಬಾದ್ ದಾಟಿ ಮನ್ನಾಏಖೇಳಿಯ ಕಡೆಗೆ ಹೋಗುವ ಟ್ಯಾಂಕರುಗಳ ಸಾಲು ಬೇಸಿಗೆಯ ರಾತ್ರಿಗಳಲ್ಲಿ ಉದ್ದವಾಗುತ್ತದೆ. ಡ್ರೈವರುಗಳು ಹಗಲಿನ ಬಿಸಿಲು ತಪ್ಪಿಸಿ ಓಡಿಸುತ್ತಾರೆ. ಓಡಿ ಹೋದವರು ಮನೆ ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಬೆಳಗಾಗುತ್ತಿರುತ್ತದೆ. ಅಂಗಳದಲ್ಲಿ ಒಂದು ಕೊಡ ನೀರು ಹೆಚ್ಚಿಗೆ ತುಂಬಿಟ್ಟಿದ್ದರೆ ಆಯಿತು.